ಬಾಗಿಲಿಗೆ ಹಚ್ಚಿದ ಕಾಗದ

ಅಲಾಮಿತೊ
ಏಪ್ರಿಲ್ 7, ಶುಭ ಶುಕ್ರವಾರ

ಮಗನೇ ಎವೆರಾರ್ಡೊ,

ಇವತ್ತು ನೀರು, ಒಣ ರೊಟ್ಟಿ ಅಷ್ಟೇ. ಉಪವಾಸ ಹಿಡಿದಿದ್ದೇನೆ. ಬೆಳಿಗ್ಗೆ ಎದ್ದು ಕೋಳಿಗಳಿಗೆ ಕಾಳು ಹಾಕಿದೆ, ಅಂಗಳ ಗುಡಿಸಿದೆ, ನಾಳೆಗೆ ಬೀನ್ಸ್ ನೆನೆಹಾಕಿದೆ. ಆಮೇಲೆ ಹಿತ್ತಲಲ್ಲಿ ಕೂತು ನಿನ್ನ ತಮ್ಮನ ಬೂಟು ತೊಳೆದೆ. ಎಡಗಾಲಿನದು ಸುಮಾರಾಗಿತ್ತು. ಬಲಗಾಲಿನದರೊಳಗೆ ರಕ್ತ ಹೆಪ್ಪುಗಟ್ಟಿ ಕೂತಿತ್ತು, ಚಮಚದಿಂದ ಕೆರೆದು ತೆಗೆಯಬೇಕಾಯಿತು. ಮಂಗಳವಾರ ಅವನನ್ನು ಮಣ್ಣು ಮಾಡುತ್ತೇವೆ. ಆ ಬೂಟು ಅವನಿಗೆ ಇಷ್ಟ, ಅದನ್ನೇ ಹಾಕುತ್ತೇನೆ.

ಲೀನೊ ಸತ್ತ ಸುದ್ದಿಯನ್ನು ಜೈಲಿನ ಪಾದ್ರಿಯ ಬಾಯಲ್ಲಿ ನಿನಗೆ ಹೇಳಿಸಿದೆ. ಹೇಗೆ ಸತ್ತ ಎಂದು ತಾಯಿಯೇ ಹೇಳಬೇಕು.

ಗರಿಗಳ ಭಾನುವಾರ ಪೂಜೆ ಮುಗಿಸಿ ಬಂದವನು ಗರಿಯ ಶಿಲುಬೆಯನ್ನು ಬಾಗಿಲಿಗೆ ಸಿಕ್ಕಿಸಿ, "ಅಮ್ಮಾ, ಹೊತ್ತಿಳಿಯೋದ್ರೊಳಗೆ ಬರ್ತೀನಿ, ಎಲ್ಲಾ ನೀನೇ ತಿಂದು ಮುಗಿಸ್ಬೇಡ" ಅಂದ. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಕಂಕುಳಲ್ಲಿ ಹುಂಜ ಇತ್ತು. ನೀರಿನ ಟ್ಯಾಂಕಿನ ಹಿಂದಿನ ಬಾದಾಮಿ ತೋಟದಲ್ಲಿ ಕೋಳಿ ಅಂಕ ನಡೆದಿತ್ತು. ಲೀನೊನ ಹುಂಜ ಗೆದ್ದಿತು. ಸೋತ ಹುಂಜದವನು ಹೊರ ಊರಿನವನು, ಮೋಸ ಮಾಡಿದೆ ಎಂದು ಜಗಳಕ್ಕೆ ಬಂದ. ಲೀನೊ ನಕ್ಕ. ಅವನ ನಗು ನಿನಗೆ ಗೊತ್ತು. "ನಿನ್ನ ಹುಂಜ ನಿನ್ನ ಹಾಗೇ ಕಣಯ್ಯಾ, ಕೂಗೋಕೆ ಮುಂದೆ, ಕುಕ್ಕೋಕೆ ಹಿಂದೆ" ಅಂದ. ಅಷ್ಟೇ ಅಂದದ್ದು. ಹುಂಜದ ಕಾಲಿಂದ ಬಿಚ್ಚಿದ ಬಾಳುಕತ್ತಿ ಆ ಮನುಷ್ಯನ ಕೈಯಲ್ಲೇ ಇತ್ತು. ಬಗ್ಗಿ ಒಂದೇ ಎಳೆತಕ್ಕೆ ಲೀನೊನ ತೊಡೆಯ ಒಳಭಾಗ ಸೀಳಿದ. ನಲ್ಲಿ ತಿರುಗಿಸಿದ ಹಾಗೆ ಬಂತು ರಕ್ತ ಎಂದು ನೋಡಿದವರು ಹೇಳಿದರು. ಸೀಳಿದವನನ್ನು ಅಲ್ಲೇ ಬಾದಾಮಿ ಉದುರಿಸುವ ಕೋಲುಗಳಿಂದ ಬಡಿದರು. ದವಡೆ ಮುರಿದು ಹಲ್ಲುಗಳು ಮಣ್ಣಿಗೆ ಬಿದ್ದಿದ್ದವು. ಅವನು ಪೊಲೀಸರ ಕಾವಲಿನಲ್ಲಿ ಮಲಗಿದ್ದಾನೆ. ಅವನ ಸುದ್ದಿ ನನಗೆ ಬೇಡ.

ಲೀನೊನನ್ನು ಎತ್ತಿ ಟ್ರಕ್ಕಿಗೆ ಹಾಕಿಕೊಂಡವನು ಫಿದೆನ್ಸಿಯೊ. ಲೀನೊಗೆ ಜ್ಞಾನಸ್ನಾನ ಆದಾಗ ಮಗುವನ್ನು ಎತ್ತಿ ಹಿಡಿದ ಎರ್ಮಿನಿಯಾಳ ಹಿರಿಮಗ. ತನ್ನ ಬೆಲ್ಟನ್ನು ತೊಡೆಗೆ ಬಿಗಿದು ನಮ್ಮ ಆಸ್ಪತ್ರೆಗೆ ಓಡಿಸಿದ. ನೀವಿಬ್ಬರೂ ಹುಟ್ಟಿದ್ದು ಅಲ್ಲೇ. ಪಕ್ಕದ ಗೋಡೆಯಲ್ಲಿರುವ ತುರ್ತು ಬಾಗಿಲು ಹಗಲು ರಾತ್ರಿ ತೆರೆದಿರುತ್ತಿತ್ತಲ್ಲ, ಅದಕ್ಕೆ ಬೀಗ ಬಿದ್ದಿತ್ತು. ಹಿಂದಿನ ದಿನವಷ್ಟೇ ತುರ್ತು ವಿಭಾಗವನ್ನು ಮುಚ್ಚಿದ್ದರಂತೆ. ಫಿದೆನ್ಸಿಯೊ ಕೈಯಿಂದ ಬಡಿದ, ಕಾಲಿಂದ ಒದ್ದ, ಜಾಕ್ ರಾಡಿನಿಂದ ಹೊಡೆದ. ಗಾಜು ಬಿರುಕು ಬಿಟ್ಟಿತೇ ಹೊರತು ಒಡೆಯಲಿಲ್ಲ. ಕಾವಲಿನವನು ಮೂಲೆ ಸುತ್ತಿ ಬಂದು, "ಇಲ್ಲಿ ಯಾರೂ ಇಲ್ಲಪ್ಪ, ನಿನ್ನೆಯಿಂದ ಬಂದ್ ಆಗಿದೆ. ನೋಟಿಸು ಓದಿಲ್ವಾ?" ಅಂದ. ಮತ್ತೆ ಟ್ರಕ್ಕು, ನಗರದ ಆಸ್ಪತ್ರೆಯ ಕಡೆಗೆ ಹೆದ್ದಾರಿ. ದೊಡ್ಡ ಕಾಲುವೆಯ ಸೇತುವೆ ಹತ್ತುವಾಗ ಲೀನೊ, ಚಳಿಯಾಗುತ್ತಿದೆ ಕಿಟಕಿ ಏರಿಸು ಅಂದನಂತೆ. ಇಳಿಯುವಾಗ ಮಾತಿರಲಿಲ್ಲ.

ಊರಿನಲ್ಲಿ ನಾಲಿಗೆಗಳು ಅಲ್ಲಾಡತೊಡಗಿವೆ. ಕ್ರಿಸ್‌ಮಸ್ಸಿನಲ್ಲಿ ಲೀನೊ ಹುಂಜದ ಜಗಳಕ್ಕೆ ಫಿದೆನ್ಸಿಯೊನ ಹಲ್ಲು ಮುರಿದಿದ್ದ. "ನಿನ್ನ ರಕ್ತ ಹರಿದು ಹೋಗೋದನ್ನ ನಿಂತು ನೋಡ್ತೀನಿ ಕಣೋ" ಎಂದು ಅವನು ಎಲ್ಲರೆದುರು ಅಂದಿದ್ದ. ಈಗ ಆ ಮಾತನ್ನು ಬಾಯಿಂದ ಬಾಯಿಗೆ ದಾಟಿಸುತ್ತಿದ್ದಾರೆ. ನೀನು ಕೇಳಿದ್ದನ್ನೆಲ್ಲ ನಂಬಬೇಡ. ಜಪಮಾಲೆ ಹಿಡಿ.

ನಿನ್ನ ತಾಯಿ,
ಕ್ರೆಸೆನ್ಸಿಯಾ


ಏಪ್ರಿಲ್ 24

ಅಮ್ಮಾ,

ಇಲ್ಲಿ ಕಾಗದಗಳನ್ನು ಅವರೇ ಮೊದಲು ಓದುತ್ತಾರೆ. ನೋಡಿ ಬರೆಯುತ್ತಿದ್ದೇನೆ. ನೀನೂ ನೋಡಿ ಬರೆ.

ಟಿವಿಯಲ್ಲಿ ನಮ್ಮೂರು ಬಂತು. ಆಸ್ಪತ್ರೆಯ ಹೆಂಗಸೊಬ್ಬಳು ಮಾತಾಡಿದಳು. ಕಾನೂನು ಹೇಳಿದಷ್ಟು ದಿನ ಮೊದಲೇ ಬಾಗಿಲ ಪಕ್ಕ ನೋಟಿಸು ಹಚ್ಚಿದ್ದೆವು, ಪತ್ರಿಕೆಯಲ್ಲಿ ಹಾಕಿಸಿದ್ದೆವು, ಸಭೆ ಕರೆದಿದ್ದೆವು, ಊರಿಗೆಲ್ಲ ತಿಳಿದ ವಿಷಯ ಅಂದಳು. ನಾನು ನಿಂತು ಕೇಳಿದೆ. ಊರಿಗೆಲ್ಲ ತಿಳಿದಿದ್ದರೆ ಫಿದೆನ್ಸಿಯೊಗೂ ತಿಳಿದಿತ್ತು. ಮುಚ್ಚಿದ ಬಾಗಿಲು ಎಂದು ಗೊತ್ತಿದ್ದೂ ನನ್ನ ತಮ್ಮನನ್ನು ಅಲ್ಲಿಗೆ ಒಯ್ದ. ಬಡಿದದ್ದು ನಾಟಕ. ನಿಂತು ನೋಡ್ತೀನಿ ಅಂದಿದ್ದ, ನೋಡಿದ.

ಇರಲಿ. ಅವನ ತಮ್ಮ ಮ್ಯಾಕಾರಿಯೊ ಚೆನ್ನಾಗಿದ್ದಾನೆ. ಹೋದ ತಿಂಗಳು ನಮ್ಮ ಕಡೆಗೇ ಅವನನ್ನು ಹಾಕಿದರು. ದಿನಾ ನನ್ನ ಕಣ್ಣೆದುರೇ ಅಂಗಳದಲ್ಲಿ ಚೆಂಡಾಡುತ್ತಾನೆ. ನನ್ನನ್ನು ಕಂಡರೆ ಕೈ ಎತ್ತುತ್ತಾನೆ. ನಾನೂ ಎತ್ತುತ್ತೇನೆ.

ಒಂದೇ ಮಾತು ಬರೆದು ಕಳಿಸು. ಗೊತ್ತಿತ್ತೋ, ಇರಲಿಲ್ಲವೋ. ನೀನು ಸುಳ್ಳು ಹೇಳುವವಳಲ್ಲ. ಭೇಟಿಗೆ ಬರಬೇಡ, ನಾನು ಹೊರಗೆ ಬರುವುದಿಲ್ಲ. ನಿನ್ನ ಮುಖ ನೋಡಿದರೆ ಆಗುವ ಕೆಲಸ ಆಗುವುದಿಲ್ಲ.

ಎವೆರಾರ್ಡೊ


ಮೇ 3, ಪವಿತ್ರ ಶಿಲುಬೆಯ ಹಬ್ಬ

ಕೊಮಾದ್ರೆ ಎರ್ಮಿನಿಯಾ,

ನನ್ನ ಮಗುವನ್ನು ಗುಡಿಯಲ್ಲಿ ಎತ್ತಿ ಹಿಡಿದು ನೀನು ಅವನಿಗೆ ಇನ್ನೊಬ್ಬ ತಾಯಿಯಾದ ದಿನದಿಂದ ಹೀಗೇ ಕರೆದಿದ್ದೇನೆ, ಇವತ್ತೂ ಹಾಗೇ ಕರೆಯುತ್ತೇನೆ. ಎರಡು ಸಲ ನಿನ್ನ ಬಾಗಿಲಿಗೆ ಬಂದೆ. ಪರದೆ ಅಲ್ಲಾಡಿದ್ದು ಕಂಡಿತು, ಬಾಗಿಲು ತೆರೆಯಲಿಲ್ಲ. ಅದಕ್ಕೇ ಈ ಕಾಗದವನ್ನು ಮನೆಮನೆಗೆ ತಮಾಲೆ ಕಡುಬು ಮಾರುವ ಪಾನ್ಫಿಲಾಳ ಬುಟ್ಟಿಯಲ್ಲಿ ಇಡುತ್ತಿದ್ದೇನೆ. ಅವಳಿಗೆ ಓದಲು ಬರುವುದಿಲ್ಲ, ಬಂದರೂ ಹೇಳುವವಳಲ್ಲ.

ನಿನ್ನನ್ನು ಒಂದೇ ಪ್ರಶ್ನೆ ಕೇಳುತ್ತೇನೆ. ಬಾಗಿಲು ಮುಚ್ಚಿದ್ದು ಫಿದೆನ್ಸಿಯೊಗೆ ಗೊತ್ತಿತ್ತೇ? ಆಸ್ಪತ್ರೆಯವರು ಗೋಡೆಗೆ ಬರೆದು ಹಚ್ಚಿದ್ದೆವು ಅನ್ನುತ್ತಾರೆ. ನಾನು ಜಗಳಕ್ಕೆ ಕೇಳುತ್ತಿಲ್ಲ. ನಿನ್ನ ಮ್ಯಾಕಾರಿಯೊ, ನನ್ನ ಎವೆರಾರ್ಡೊ ಈಗ ಒಂದೇ ಗೋಡೆಯೊಳಗಿದ್ದಾರೆ. ಇದಕ್ಕಿಂತ ಬಿಡಿಸಿ ಬರೆಯಲಾರೆ. ನೀನೂ ಹೆತ್ತವಳು.

ನಿನ್ನ ಕೊಮಾದ್ರೆ,
ಚೆಂಚಾ


ಮೇ 6

ಕ್ರೆಸೆನ್ಸಿಯಾ,

ಕೊಮಾದ್ರೆ ಅನ್ನುವ ಮಾತು ನಿನ್ನ ಬಾಯಿಗೆ ಬೇಡ, ನಾನು ನಿನ್ನನ್ನು ಚೆಂಚಾ ಅಂತ ಕರೆಯುವುದೂ ಮುಗಿಯಿತು. ಲೀನೊನ ಒಂಬತ್ತನೇ ದಿನದ ಪ್ರಾರ್ಥನೆಗೆ ನನ್ನ ಮಗ ಮೇಣದಬತ್ತಿ ಹಿಡಿದು ನಿನ್ನ ಮನೆಗೆ ಬಂದ. ಬೇಡ ಅಂದೆ ನಾನು. "ಅವನೂ ನನ್ನ ತಮ್ಮನೇ ಕಣಮ್ಮ, ಹೋಗ್ದೆ ಇರೋಕಾಗುತ್ತಾ" ಅಂದ. ನಿನ್ನ ಮೈದುನ ಅವನ ಕೂದಲು ಹಿಡಿದು ಅಂಗಳಕ್ಕೆ ಎಳೆದ. ಟ್ರಕ್ಕಿನ ಬಾಗಿಲ ಸಂದಿಗೆ ಅವನ ಬಲಗೈ ಇಟ್ಟು ಬಾಗಿಲು ಅಪ್ಪಳಿಸಿದ. ಒಂದು ಸಲಕ್ಕೆ ನಿಲ್ಲಿಸಲಿಲ್ಲ. "ಇದೇ ಕೈಯಲ್ಲಿ ತಾನೇ ಸ್ಟೇರಿಂಗ್ ತಿರುಗಿಸಿದ್ದು? ಯಾವ ಕಡೆ ತಿರುಗಿಸ್ಬೇಕು ಅಂತ ಗೊತ್ತಿತ್ತಲ್ವೇನೋ?" ಅನ್ನುತ್ತಾ ಅಪ್ಪಳಿಸಿದ. ಮೂಳೆ ಚರ್ಮದಿಂದ ಹೊರಗೆ ಬಂದಿತ್ತು. ಒಳಗೆ ನೀನು ಮಂಡಿಯೂರಿದ್ದೆ. ಜಪ ನಿಲ್ಲಿಸಲಿಲ್ಲ. ನೀನು ಮಣಿ ದಾಟಿಸುತ್ತಿದ್ದೆ, ನಿನ್ನ ಹಿಂದೆ ಹೆಂಗಸರೆಲ್ಲ "ನಮಗಾಗಿ ಪ್ರಾರ್ಥಿಸು" ಅನ್ನುತ್ತಿದ್ದರು, ಹೊರಗೆ ನನ್ನ ಮಗ ಅರಚುತ್ತಿದ್ದ. ದೇವಮಾತೆಗೆ ಯಾವುದು ಕೇಳಿಸಿತೋ ನನಗೆ ಗೊತ್ತಿಲ್ಲ.

ಆ ಕೈಯನ್ನು ತೋರಿಸಲು ನಗರಕ್ಕೇ ಹೋಗಬೇಕಾಯಿತು. ಅದೇ ಹೆದ್ದಾರಿ, ಅದೇ ಸೇತುವೆ. ಅಲ್ಲಿ ಬಂದಾಗ ಅವನು ಕಣ್ಣು ಮುಚ್ಚಿಕೊಂಡ. ಕೈಯ ನೋವಿಗೆ ಅಂದುಕೊಳ್ಳಬೇಡ.

ಗೊತ್ತಿತ್ತೇ ಅಂತ ಕೇಳುತ್ತೀಯ. ಬಾಗಿಲು ತೆರೆಯುವುದಿಲ್ಲ ಅಂತ ಗೊತ್ತಿದ್ದವನು ಬಡಿಯುತ್ತಾನೆಯೇ? ನಾಟಕ ಅಂತೀರಂತೆ. ಹಾಗಿದ್ದರೆ ಹೋಗಿ ನೋಡು. ಶಿಲುಬೆಯ ಹಾದಿಗೆ ಅಂತ ನಾನು ಕಟ್ಟಿದ ಬಟ್ಟೆ ಇನ್ನೂ ಆ ತುರ್ತು ಬಾಗಿಲ ಪಕ್ಕದ ಗೋಡೆಯಲ್ಲೇ ಇದೆ. ಯೇಸು ಎದ್ದುಬಂದ ಪಾಸ್ಕ ಹಬ್ಬಕ್ಕೆ ಬಿಚ್ಚಲು ಹೋದವಳು ಬರಿಗೈಯಲ್ಲಿ ವಾಪಸ್ ಬಂದೆ. ನನ್ನ ಮಗನ ಅಂಗೈ ಅದರ ಮೇಲೆ ಒತ್ತಿದೆ, ನಿನ್ನ ಮಗನ ರಕ್ತದಲ್ಲಿ. ಅದನ್ನು ನಾನು ಹೇಗೆ ಮಡಚಲಿ?

ಮ್ಯಾಕಾರಿಯೊನ ಕೂದಲು ಕೊಂಕಿದರೆ ನಿನ್ನ ಮನೆಯಲ್ಲಿ ದೀಪ ಹಚ್ಚುವವರು ಇರುವುದಿಲ್ಲ. ಇದನ್ನೂ ನಿನ್ನ ಮಗನಿಗೆ ಬರೆ.

ಎರ್ಮಿನಿಯಾ


ಮೇ 12, ಶುಕ್ರವಾರ

ಮಗನೇ,

ಭೇಟಿಗೆ ಬರುವುದಿಲ್ಲ ಅಂದೆ, ಫೋನಿಗೂ ಬರುತ್ತಿಲ್ಲ. ಸರಿ, ಕಾಗದವೇ ಗತಿ. ಉದ್ದವಾಗಿದೆ. ಪೂರ್ತಿ ಓದು.

ನೀನು ಒಂದು ಮಾತು ಕೇಳಿದ್ದೆ. ಬಾಯಿಗೆ ಬಂದದ್ದನ್ನು ಬರೆಯಬಾರದು ಎಂದು ಮೊದಲು ಆಸ್ಪತ್ರೆಯ ಕಚೇರಿಗೆ ಹೋದೆ. ಎದುರಿನ ದೊಡ್ಡ ಬಾಗಿಲಿನಿಂದ ಒಳಗೆ ಹೋದರೆ ಕಚೇರಿ ಇನ್ನೂ ಇದೆ. ರಕ್ತ ಸೋರುವವರಿಗೆ ಮಾತ್ರ ಬಾಗಿಲಿಲ್ಲ. ಅಲ್ಲಿನ ಹೆಂಗಸು ನಮ್ಮ ಮಾತು ಬಲ್ಲವಳೇ, ತಾಯಿಯ ಕಡೆಯಿಂದ ನಮ್ಮವಳಂತೆ.

"ನೋಟಿಸ್ ಹಾಕಿದ್ವಲ್ಲ ಸೆಞೋರಾ" ಅಂದಳು.

"ಯಾರಿಗೆ ಹಾಕಿದ್ರಿ?"

"ಸಾರ್ವಜನಿಕರಿಗೆ."

"ಅಂದ್ರೆ ಯಾರು?"

"ಎಲ್ಲರೂ. ನೀವೂ."

"ನನಗೆ ಗೊತ್ತಾಗ್ಲೇ ಇಲ್ವಲ್ಲ ತಾಯಿ, ನಾನೂ ಅದರಲ್ಲಿ ಸೇರಿದ್ದೀನಿ ಅಂತ."

ಅವಳು ಒಂದು ಫೋಟೊ ತೋರಿಸಿದಳು. ತುರ್ತು ಬಾಗಿಲ ಪಕ್ಕದ ಗಾಜಿನ ಒಳಗಡೆಯಿಂದ ಹಚ್ಚಿದ ಕಾಗದ, ಮೇಲೆ ಇಂಗ್ಲಿಷು, ಕೆಳಗೆ ನಮ್ಮ ಭಾಷೆ. ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದ ಹಿಂದಿನ ದಿನ ತೆಗೆದ ಚಿತ್ರ. ಪತ್ರಿಕೆಯಲ್ಲೂ ಹಾಕಿಸಿದ್ದರಂತೆ, ಆ ಪತ್ರಿಕೆ ನಮ್ಮ ಕೇರಿಗೆ ಬರುವುದು ನಿಂತು ವರ್ಷಗಳಾದವು. ಸಭೆಯೂ ನಡೆದಿತ್ತಂತೆ, ನಗರದಲ್ಲಿ, ಕೆಲಸದ ದಿನ ಬೆಳಿಗ್ಗೆ, ನಾವೆಲ್ಲ ತೋಟದಲ್ಲಿ ಬಗ್ಗಿದ್ದಾಗ. ಅದೆಲ್ಲ ಹೋಗಲಿ ಅಂದುಕೊಂಡೆ. ಬಾಗಿಲ ಪಕ್ಕದ ಕಾಗದ ಇತ್ತಲ್ಲ. ಫಿದೆನ್ಸಿಯೊ ದಿನಾ ಆ ಬೀದಿಯಲ್ಲೇ ಕೆಲಸಕ್ಕೆ ಹೋಗುವವನು. ಅವತ್ತೇ ನಿನಗೆ ಬರೆದಿದ್ದರೆ ಒಂದೇ ಮಾತು ಬರೆಯುತ್ತಿದ್ದೆ, ಗೊತ್ತಿತ್ತು ಎಂದು.

ಆಮೇಲೆ ಎರ್ಮಿನಿಯಾಳ ಉತ್ತರ ಬಂತು. ಬೈಗುಳದ ನಡುವೆ ಅವಳ ಬಟ್ಟೆಯ ಮಾತಿತ್ತು. ನೆನಪಿದೆಯಲ್ಲ, ಶಿಲುಬೆ ಹೊತ್ತು ಬೀದಿ ಬೀದಿ ನಡೆಯುವ ಶಿಲುಬೆಯ ಹಾದಿಗೆ ಹದಿನಾಲ್ಕು ನಿಲುಗಡೆ, ನಿಲುಗಡೆಗೊಂದು ಮನೆತನ. ಎರ್ಮಿನಿಯಾಳ ಮನೆಯವರದು ಆಸ್ಪತ್ರೆಯ ಪಕ್ಕದ ಗೋಡೆ. ವಿಭೂತಿ ಬುಧವಾರ ನೇರಳೆ ಬಟ್ಟೆ ಕಟ್ಟಿದರೆ ಪಾಸ್ಕದ ಹಿಂದಿನ ಸಂಜೆ ಗಂಟೆ ಹೊಡೆಯುವವರೆಗೆ ಅದರ ಅಂಚನ್ನೂ ಯಾರೂ ಎತ್ತುವುದಿಲ್ಲ. ಚಿಕ್ಕವನಿದ್ದಾಗ ನೀನು ಇಣುಕಲು ಹೋಗಿ ನನ್ನ ಕೈಯಲ್ಲಿ ಪೆಟ್ಟು ತಿಂದಿದ್ದೆ. ಅಂದರೆ ಮಂಗಳವಾರ ಅವರು ಕಾಗದ ಹಚ್ಚಿದರು. ಬುಧವಾರ ಹೆಂಗಸರು ಬಂದು ಪ್ರತಿ ವರ್ಷದ ಹಾಗೆ ಆ ಗಾಜಿನ ಮೇಲೆ ಬಟ್ಟೆ ಕಟ್ಟಿದರು. ಆ ಗಾಜಿಗೆ ಯಾವಾಗಲೂ ಏನಾದರೊಂದು ಕಾಗದ ಇದ್ದೇ ಇರುತ್ತದೆ, ಸಿಗರೇಟು ಸೇದಬೇಡಿ, ಕೆಮ್ಮು ಬಂದರೆ ಬಾಯಿ ಮುಚ್ಚಿ. ಯಾರು ಓದುತ್ತಾರೆ? ತಪಸ್ಸುಕಾಲದ ನಲವತ್ತು ದಿನ ಪೂರ್ತಿ ನಾವು ಶುಕ್ರವಾರ ಶುಕ್ರವಾರ ಆ ಬಟ್ಟೆಯ ಮುಂದೆ ಮಂಡಿಯೂರಿ ಹಾಡಿದ್ದೇವೆ. ಫಿದೆನ್ಸಿಯೊ ಶಿಲುಬೆ ಹೊತ್ತಿದ್ದ. ಲೀನೊ ಅವನ ಹಿಂದೆ ನಿಂತಿದ್ದ.

ನಿನ್ನೆ ನಾನು ಅಲ್ಲಿಗೆ ಹೋದೆ. ಗಂಟೆ ಹೊಡೆದು ತಿಂಗಳಾಯಿತು, ಪಾಪವಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಬಟ್ಟೆಯ ಮೇಲೆ ಐದು ಬೆರಳಿನ ಒಂದು ಗುರುತು, ಅದರ ಮೇಲೆ ಇನ್ನೊಂದು, ಆಮೇಲೆ ಗುರುತುಗಳಿಲ್ಲ, ಬರೀ ಉಜ್ಜಾಟ. ಬಾಗಿಲಷ್ಟೇ ಅಲ್ಲ, ಪಕ್ಕದ ಗಾಜನ್ನೂ ಬಡಿದಿದ್ದಾನೆ ಹುಡುಗ. ಅಂಚು ಹಿಡಿದು ಎತ್ತಿದೆ. ಒಣಗಿ ಅಂಟಿಕೊಂಡಿತ್ತು, ಹುಣ್ಣಿನ ಬಟ್ಟೆ ಕಿತ್ತ ಹಾಗೆ ಕೀಳಬೇಕಾಯಿತು. ಹಿಂದೆ ಗಾಜಿನ ಮೇಲೂ ರಕ್ತ ಇಳಿದು ಒಣಗಿತ್ತು. ಆ ಕಲೆಯ ಹಿಂದೆ ಕಾಗದ ಇತ್ತು. ಬಿಸಿಲು ಕಾಣದ್ದರಿಂದ ಮೊನ್ನೆ ಹಚ್ಚಿದ ಹಾಗೆ ಬೆಳ್ಳಗಿತ್ತು. ಫಿದೆನ್ಸಿಯೊ ಆ ಅಕ್ಷರಗಳ ಮೇಲೆಯೇ ಬಡಿದಿದ್ದಾನೆ. ನಡುವೆ ಒಂದು ಬಟ್ಟೆ ಮಾತ್ರ ಇತ್ತು.

ಆ ಬಟ್ಟೆಯನ್ನು ತೋಳಲ್ಲಿ ಹಾಕಿಕೊಂಡು ಮತ್ತೆ ಕಚೇರಿಗೆ ಹೋದೆ. ಆ ಹೆಂಗಸು ಕುರ್ಚಿ ಹಿಂದಕ್ಕೆ ಸರಿಸಿದಳು.

"ದಿನಾ ಇದರ ಪಕ್ಕದಲ್ಲೇ ಓಡಾಡ್ತಿದ್ರಿ. ಕಾಗದದ ಮೇಲೆ ಬಟ್ಟೆ ಬಿದ್ದಿದ್ದು ನಿಮಗೆ ಕಾಣ್ಲಿಲ್ವಾ?"

"ಕಟ್ಟಿದ್ದು ನೀವು ಸೆಞೋರಾ, ನಾವಲ್ಲ. ಧರ್ಮದ ವಸ್ತು ಮುಟ್ಬಾರ್ದು ಅಂತ ಮೇಲಿನವರು ಹೇಳಿದ್ರು. ನಿಮ್ಮ ಮೇಲಿನ ಗೌರವಕ್ಕೇ ಬಿಟ್ಟಿದ್ದು."

"ಒಬ್ಬರು ಬಾಯಿಬಿಟ್ಟು ಹೇಳಿದ್ರೆ ಸಾಕಿತ್ತಲ್ಲ."

"ಹಚ್ಬೇಕು ಅಂತ ಕಾನೂನು. ಹಚ್ಚಿದ್ವಿ. ಓದೋದು ನಿಮ್ಮ ಕೆಲಸ."

"ಸರಿ ತಾಯಿ. ಸಾಯೋದೊಂದೇ ನಮ್ಮ ಕೆಲಸ ಅಂದ್ಕೊಂಡಿದ್ದೆ."

ಬೇಕೆಂದೇ ಹಾಗೆ ಬಿಟ್ಟರೋ, ಸೋಮಾರಿತನಕ್ಕೆ ಬಿಟ್ಟರೋ, ದೇವರು ಅವರನ್ನು ಕೇಳಲಿ. ನಿನಗೆ ಬೇಕಾದ ಮಾತು ಇದು: ಅವನಿಗೆ ಗೊತ್ತಿರಲಿಲ್ಲ. ನನ್ನ ಕಣ್ಣಿಂದ ನೋಡಿದ್ದೇನೆ. ಲೀನೊನ ಆತ್ಮದ ಮೇಲೆ ಆಣೆ ಇಟ್ಟು ಬರೆಯುತ್ತಿದ್ದೇನೆ. ಮ್ಯಾಕಾರಿಯೊ ಆಡಿಕೊಂಡಿರಲಿ. ಅವನು ಕೈ ಎತ್ತಿದರೆ ನೀನೂ ಎತ್ತು, ಬೇರೇನೂ ಬೇಡ. ನನಗೆ ಉಳಿದವನು ನೀನೊಬ್ಬ.

ನಿನ್ನ ತಾಯಿ,
ಕ್ರೆಸೆನ್ಸಿಯಾ


ಜೂನ್ 5

ಕ್ರೆಸೆನ್ಸಿಯಾ,

ಜೈಲಿನಿಂದ ಫೋನ್ ಬಂತು. ಮ್ಯಾಕಾರಿಯೊ ಬದುಕಿದ್ದಾನೆ. ಕಿವಿಯ ಬುಡದಿಂದ ಗಂಟಲಿನವರೆಗೆ ಹೊಲಿಗೆ ಹಾಕಿದ್ದಾರೆ. ಇನ್ನು ಮುಂದೆ ಮಾತಾಡುತ್ತಾನೋ ಇಲ್ಲವೋ ಹೇಳಲಾಗದು ಅಂದರು. ನೀರು ಕುಡಿದರೆ ಪಕ್ಕದಿಂದ ಸೋರುತ್ತದಂತೆ. ಇಳಿದನಿಯಲ್ಲಿ ಹಾಡುತ್ತಿದ್ದ ಹುಡುಗ, ನಿನಗೂ ಗೊತ್ತು, ನಿನ್ನ ಗಂಡನ ಮಣ್ಣಿಗೆ ಹಾಡಿದವನು ಅವನೇ.

ನೀನು ಗೋಡೆಯ ಬಟ್ಟೆ ಎತ್ತಿ ನೋಡಿದ್ದು, ಕಚೇರಿಗೆ ಹೋಗಿ ಕೇಳಿದ್ದು, ನನ್ನ ಮಗನಿಗೆ ಗೊತ್ತಿರಲಿಲ್ಲ ಅಂತ ಗುಡಿಯ ಮುಂದೆ ಎಲ್ಲರ ಎದುರು ಹೇಳಿದ್ದು, ಎಲ್ಲಾ ನನ್ನ ಕಿವಿಗೆ ಬಿದ್ದಿದೆ. ಅದಕ್ಕೇ ಈ ಕಾಗದ. ಇಲ್ಲದಿದ್ದರೆ ಕಾಗದ ಬರುತ್ತಿರಲಿಲ್ಲ.

ಫಿದೆನ್ಸಿಯೊನ ಬಲಗೈ ಬೆರಳುಗಳು ಮಡಚುವುದಿಲ್ಲ. ಕಾಲುವೆ ದಂಡೆಗೆ ಹೋಗಿ ಡಬ್ಬಿಗಳನ್ನು ಸಾಲಾಗಿ ಇಟ್ಟು ಎಡಗೈಯಲ್ಲಿ ಪಿಸ್ತೂಲಿನ ಗುರಿ ಕಲಿಯುತ್ತಿದ್ದಾನೆ. ಮೊದಲ ದಿನ ಒಂದೂ ಬೀಳಲಿಲ್ಲ. ಈಗ ಬೀಳುತ್ತಿವೆ. ನಿನ್ನ ಮೈದುನ ಎಷ್ಟು ಹೊತ್ತಿಗೆ ಮನೆಗೆ ಬರುತ್ತಾನೆ ಅಂತ ನಿನ್ನೆ ಊಟ ಮಾಡುತ್ತಾ ಕೇಳಿದ. ಆಮೇಲೆ, ಚೆಂಚಾ ಅತ್ತೆ ಬಾಗಿಲು ಹಾಕಿಕೊಂಡು ಮಲಗುತ್ತಾಳಾ ಅಂತ ಕೇಳಿದ. ಉಪ್ಪು ಬೇಕಾ ಅಂತ ಕೇಳುವ ಧ್ವನಿಯಲ್ಲಿ.

ನೀನು ನನ್ನನ್ನು ಕೇಳಿದ್ದನ್ನೇ ನಾನು ಕೇಳುತ್ತೇನೆ. ನನ್ನ ಮ್ಯಾಕಾರಿಯೊನ ಗಂಟಲು ಕೊಯ್ಯುವಾಗ ನಿನ್ನ ಮಗನಿಗೆ ಗೊತ್ತಿತ್ತೇ? ನೀನು ಅವನಿಗೆ ಬರೆದಿದ್ದೆಯಾ? ತಿಳಿದೂ ಮಾಡಿದ್ದರೆ ನಾನು ಫಿದೆನ್ಸಿಯೊನನ್ನು ತಡೆಯುವುದಿಲ್ಲ, ದೇವರ ಮೇಲಾಣೆ. ತಿಳಿಯದೆ ಮಾಡಿದ್ದರೆ ತಡೆಯಲು ನನ್ನ ಬಾಯಲ್ಲಿ ಒಂದು ಮಾತಾದರೂ ಇರುತ್ತದೆ.

ಎರ್ಮಿನಿಯಾ


ಜೂನ್ 17

ಅಮ್ಮಾ,

ನೀನು ಮತ್ತೆ ಬರೆದು ಕೇಳಿದ್ದೀಯ. ಮುಚ್ಚಿಡುವುದೇನೂ ಇಲ್ಲ, ಅಂಗಳದ ತುಂಬ ಜನ ನೋಡಿದ್ದಾರೆ.

ನಿನ್ನ ಮೇ ತಿಂಗಳ ಕಾಗದ ಬಂದಿತ್ತು. ಮ್ಯಾಕಾರಿಯೊನ ವಿಷಯ ಆಗುವ ಮೊದಲೇ ಬಂದಿತ್ತು. ಇಲ್ಲಿ ಲಕೋಟೆಯನ್ನು ಅವರೇ ಸೀಳಿ, ಓದಿ, ಆಮೇಲೆ ನಮಗೆ ಕೊಡುತ್ತಾರೆ. ಅಂದರೆ ಕಾವಲಿನವನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಲಕೋಟೆ ದಪ್ಪಗಿತ್ತು. ಗೊತ್ತಿತ್ತು ಎನ್ನಲು ಒಂದು ಸಾಲು ಸಾಕು, ಇಷ್ಟು ದಪ್ಪ ಎಂದರೆ ಒಳಗೆ ದೇವರು, ಕ್ಷಮೆ, ಕಣ್ಣೀರು ಇರುತ್ತದೆ ಎಂದುಕೊಂಡೆ. ಓದಿದರೆ ಆಗುವ ಕೆಲಸ ಆಗುವುದಿಲ್ಲ. ಅದಕ್ಕೇ ಓದಲಿಲ್ಲ. ಅಂಗಿಯೊಳಗೆ ಇಟ್ಟುಕೊಂಡೆ. ಎಸೆಯಲೂ ಆಗಲಿಲ್ಲ, ನಿನ್ನ ಅಕ್ಷರ.

ಮಂಚದಿಂದ ಮುರಿದ ಕಬ್ಬಿಣವನ್ನು ನೆಲಕ್ಕೆ ಉಜ್ಜಿ ಹರಿತ ಮಾಡಿದ್ದೆ. ಅವನು ಚೆಂಡು ಎತ್ತಲು ಬಗ್ಗಿದ. ಕಿವಿಯ ಕೆಳಗೆ ಇಟ್ಟು ಎಳೆದೆ. ತಿರುಗಿ ನನ್ನ ಅಂಗಿ ಹಿಡಿದ, ಹೊಡೆಯಲಿಲ್ಲ, ಬೀಳದಿರಲು ಹಿಡಿದ. ಗುಂಡಿ ಕಿತ್ತು ಲಕೋಟೆ ನೆಲಕ್ಕೆ ಬಿತ್ತು. ಅವನ ರಕ್ತ ಅದರ ಮೇಲೆ ಸುರಿಯಿತು. "ಯಾಕೋ?" ಅಂದ. ಅಷ್ಟೇ ಕೇಳಿಸಿದ್ದು. ಲೀನೊನನ್ನು ಯಾರು ಎಲ್ಲಿಗೆ ಒಯ್ದರು ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ ಅಮ್ಮ. ಯಾರೂ ಅವನಿಗೆ ಹೇಳಿರಲಿಲ್ಲ.

ಅವನನ್ನು ಹೊತ್ತು ಓಡಿದರು. ಅಂಗಳ ದಾಟಿದರೆ ಚಿಕಿತ್ಸೆಯ ಕೋಣೆ, ಅದರ ಬಾಗಿಲು ಯಾವಾಗಲೂ ತೆರೆದಿರುತ್ತದೆ. ಅದಕ್ಕೇ ಬದುಕಿದ. ನಮ್ಮೂರಿಗಿಂತ ಜೈಲಿನಲ್ಲಿ ಈ ಸೌಕರ್ಯ ಒಂದು ಹೆಚ್ಚು.

ನನ್ನನ್ನು ಒಂಟಿ ಕೋಣೆಗೆ ಹಾಕಿದ್ದಾರೆ. ನಕಲು ತೆಗೆದುಕೊಂಡು ಕಾಗದ ಕೊಟ್ಟರು. ಓದಲು ಇಲ್ಲಿ ಬೇರೇನೂ ಇಲ್ಲ. ಮೊದಲ ಪುಟ ಪೂರ್ತಿ ಅಂಟಿಕೊಂಡಿದೆ, ಬಿಡಿಸಿದರೆ ಹರಿಯುತ್ತದೆ. ಉಳಿದದ್ದನ್ನು ಓದಿದೆ. ಬಟ್ಟೆ ಎತ್ತಿದ ಜಾಗವನ್ನು ಮತ್ತೆ ಮತ್ತೆ ಓದುತ್ತಿದ್ದೇನೆ.

ಎರ್ಮಿನಿಯಾ ಅತ್ತೆಗೆ ಏನು ಹೇಳಬೇಕೋ ನನಗೆ ಗೊತ್ತಿಲ್ಲ. ನೀನೇ ಹೇಳು.

ಎವೆರಾರ್ಡೊ


ಅಲಾಮಿತೊ
ಜೂನ್ 23, ಶುಕ್ರವಾರ

ಕೊಮಾದ್ರೆ ಎರ್ಮಿನಿಯಾ,

ಮ್ಯಾಕಾರಿಯೊ ನುಂಗುವುದನ್ನು ಕಲಿಯುವವರೆಗೆ ಶುಕ್ರವಾರ ನಾನೂ ನುಂಗುವುದಿಲ್ಲ ಎಂದು ಹರಕೆ ಹೊತ್ತಿದ್ದೇನೆ. ಇವತ್ತು ಮೂರನೆಯದು. ಬೆಳಿಗ್ಗೆ ಕೋಳಿಗೂಡು ತೊಳೆದೆ. ಲೀನೊನ ಹುಂಜವನ್ನು ಕೊಯ್ದು ಪಾನ್ಫಿಲಾಳಿಗೆ ಕೊಟ್ಟೆ, ಅದರ ಕೂಗು ಇನ್ನು ಈ ಅಂಗಳದಲ್ಲಿ ಬೇಡ. ಮೈದುನನನ್ನು ಊರು ಬಿಡಿಸಿದೆ. "ನಿನ್ನನ್ನ ಉಳಿಸೋಕೆ ಅಲ್ಲ ಕಣೋ ಕಳಿಸ್ತಿರೋದು, ನನ್ನ ಬಾಗಿಲು ತೆರೆದಿಡೋಕೆ ನೀನು ಅಡ್ಡ" ಅಂದೆ. ನಾನು ತಲೆ ಕೆಟ್ಟವಳು ಅನ್ನುತ್ತಾ ಅವನು ಹೋದ.

ಒಂಬತ್ತನೇ ದಿನದ ಜಪದ ಮಾತು ಬರೆದಿದ್ದೆ. ಈಗ ಮಣಿ ಹಿಡಿದರೆ ಆ ಟ್ರಕ್ಕಿನ ಬಾಗಿಲೇ ಕೇಳಿಸುತ್ತದೆ.

ನಿನ್ನ ಬಟ್ಟೆ ನನ್ನ ಪೆಟ್ಟಿಗೆಯಲ್ಲಿದೆ. ತೊಳೆದಿಲ್ಲ. ತೊಳೆದರೆ ನನ್ನ ಮಗನೂ ಹೋಗುತ್ತಾನೆ, ನಿನ್ನ ಮಗನ ಸತ್ಯವೂ ಹೋಗುತ್ತದೆ.

ನಿನ್ನ ಪ್ರಶ್ನೆಗೆ ಉತ್ತರ ನನ್ನ ಬಳಿ ಇದೆ. ಎವೆರಾರ್ಡೊ ಬರೆದಿದ್ದಾನೆ, ಸುಳ್ಳು ಬರೆದಿಲ್ಲ. ಆದರೆ ಅದನ್ನು ಈ ಕಾಗದದಲ್ಲಿ ಬರೆಯುವುದಿಲ್ಲ. ಕಾಗದ ಹಚ್ಚಿದೆವು, ನಮ್ಮ ಕೆಲಸ ಮುಗಿಯಿತು ಎಂದರಲ್ಲ ಅವರು, ಅದರಿಂದ ಲೀನೊ ಹೋದ. ನಾನೂ ಕಾಗದ ಕಳಿಸಿದೆ, ನನ್ನ ಕೆಲಸ ಮುಗಿಯಿತು ಎಂದು ಜಪಕ್ಕೆ ಕೂತೆ. ಅದರಿಂದ ಏನಾಯಿತು ಎನ್ನುವುದು ನಿನಗೆ ಗೊತ್ತು. ಇನ್ನೊಂದು ಕಾಗದ ನಿನ್ನ ಬಾಗಿಲ ಸಂದಿಯಲ್ಲಿ ಬಿದ್ದಿರುವುದು ನನಗೆ ಬೇಡ. ಇದು ಕಿವಿಗೆ ಹೇಳಬೇಕಾದ ಮಾತು. ಕೇಳಿದವನ ಕಣ್ಣು ನೋಡುತ್ತಾ, ಕೇಳಿಸಿತೇ ಎಂದು ಎರಡು ಸಲ ಕೇಳಿ ಹೇಳಬೇಕು.

ಆ ಉತ್ತರ ಹೊರಲು ಪಾನ್ಫಿಲಾಳ ಬುಟ್ಟಿ ಬೇಡ. ನೀನೂ ಬರುವುದು ಬೇಡ, ನಿನಗೆ ಹೇಳಿದರೆ ಅವನನ್ನು ತಲುಪುವಾಗ ಅದು ತಾಯಿಯ ಮಾತಾಗಿಬಿಡುತ್ತದೆ. ಫಿದೆನ್ಸಿಯೊನನ್ನು ಕಳಿಸು. ನಾಳೆ ಸಂತ ಯೊವಾನ್ನರ ಹಬ್ಬ, ಮಧ್ಯಾಹ್ನ ನಾನೊಬ್ಬಳೇ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ಎಡಗೈಯಲ್ಲಿ ಏನು ಹಿಡಿದು ಬಂದರೂ ಬರಲಿ. ಮೊದಲು ಕೇಳಲಿ, ಆಮೇಲೆ ಅವನಿಷ್ಟ. ಬಲಗೈ ನೋಯುತ್ತಿದ್ದರೆ ಬಡಿಯಬೇಕಾಗಿಲ್ಲ ಅಂತ ಹೇಳು, ಬಾಗಿಲಿನ ಕೀಲು ಬಿಚ್ಚಿಸಿ ಪಕ್ಕಕ್ಕೆ ಇಡಿಸಿದ್ದೇನೆ. ನನ್ನ ಉತ್ತರವನ್ನು ಒಯ್ಯಲು ಅವನನ್ನೇ ಕಳಿಸು.

ಚೆಂಚಾ